ದೂರದ ಸೈಕಲ್ ಸವಾರಿ: ಕೊನೆಯವರು ಮುಟ್ಟಿದಾಗಲೇ ಗುಂಪು ಮುಟ್ಟಿದಂತೆ

ಕುಂದಾಪುರ ಪೇಟೆ ಬಿಟ್ಟು, ಹೊಳೆ ದಾಟಿ ಉತ್ತರಕ್ಕೆ ಹೊರಟವರಿಗೆ ಮೊದಲು ಸಿಗುವ ಊರುಗಳಲ್ಲಿ ತಲ್ಲೂರು ಒಂದು. ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಈ ಊರಿನ ನಡುವೆಯೇ ಹಾದುಹೋಗುತ್ತದೆ. ನೇರ ಮುಂದುವರಿದರೆ ಹೆಮ್ಮಾಡಿ, ತ್ರಾಸಿ, ಒಂದು ಬದಿಗೆ ಕಡಲು ಮತ್ತೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಮರವಂತೆ, ಆನಂತರ ಬೈಂದೂರು. ಪೂರ್ವಕ್ಕೆ ತಿರುಗಿದರೆ ಹಟ್ಟಿಯಂಗಡಿ, ನೇರಳಕಟ್ಟೆಗಳ ಕಡೆಗಿನ ಒಳದಾರಿ. ಅದರಾಚೆ ದಿಗಂತದಲ್ಲಿ ಸಹ್ಯಾದ್ರಿಯ ಗೋಡೆ. ಒಂದೇ ಊರಿನಿಂದ ಕಡಲ ದಾರಿ ಮತ್ತು ಘಾಟಿಯ ದಾರಿ ಎರಡೂ ಹೊರಡುವುದರಿಂದ, ದೂರದ ಸೈಕಲ್ ಸವಾರಿಯ ಕಷ್ಟ ಸುಖಗಳನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಕಳೆದ ಎರಡು ದಶಕಗಳಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ನಗರಗಳಲ್ಲಿ ಸೈಕಲ್ ಸವಾರರ ಗುಂಪುಗಳು ಹುಟ್ಟಿಕೊಂಡಿವೆ. ವಾರವಿಡೀ ಕಚೇರಿಯಲ್ಲಿ ಕುಳಿತು ದುಡಿಯುವವರು ಭಾನುವಾರ ಬೆಳಕು ಹರಿಯುವ ಮುನ್ನ ಹೆದ್ದಾರಿಯಲ್ಲಿರುತ್ತಾರೆ. ಐವತ್ತು ಕಿಲೋಮೀಟರಿನಿಂದ ಆರಂಭವಾದ ಹವ್ಯಾಸ ನೂರಕ್ಕೆ, ಇನ್ನೂರಕ್ಕೆ, ಕೆಲವರ ವಿಷಯದಲ್ಲಿ ಆರುನೂರಕ್ಕೂ ಬೆಳೆಯುತ್ತದೆ. ಆದರೆ ಒಬ್ಬರೇ ನೂರು ಕಿಲೋಮೀಟರ್ ತುಳಿಯುವುದಕ್ಕೂ ಹತ್ತು ಜನರ ಜತೆ ಇನ್ನೂರು ಕಿಲೋಮೀಟರ್ ತುಳಿಯುವುದಕ್ಕೂ ಅಜಗಜಾಂತರವಿದೆ. ಮೊದಲನೆಯದಕ್ಕೆ ಕಾಲಿನ ಬಲ, ಒಳ್ಳೆಯ ಸೈಕಲ್, ಒಂದಿಷ್ಟು ಹಟ ಸಾಕು. ಎರಡನೆಯದರಲ್ಲಿ ಹತ್ತು ದೇಹಗಳ ಹತ್ತು ಬಗೆಯ ವೇಗ, ಹತ್ತು ಬಗೆಯ ಹಸಿವು, ಹತ್ತು ಬಗೆಯ ದಣಿವುಗಳನ್ನು ಒಂದೇ ದಾರಿಯಲ್ಲಿ ನಡೆಸಬೇಕಾಗುತ್ತದೆ. ಗುಂಪು ಸವಾರಿಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಅಪಾಯಗಳು ಎದುರಾಗುವುದೂ ಇಲ್ಲಿಂದಲೇ.

ಗಾಳಿ ಕಟ್ಟಿಕೊಡುವ ಗುಂಪು

ಸಪಾಟಾದ ರಸ್ತೆಯಲ್ಲಿ ಸೈಕಲ್ ಸವಾರನ ಮೊದಲ ಶತ್ರು ಗಾಳಿ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗ ದಾಟಿದ ಬಳಿಕ ಸವಾರ ವ್ಯಯಿಸುವ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ಇಮ್ಮಡಿಯಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಈ ಕಾರಣಕ್ಕೇ ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಹತ್ತಿರವಾಗಿ ಸಾಗುವ ಪದ್ಧತಿ ಬೆಳೆದಿದೆ. ಮುಂದಿನವರು ಗಾಳಿಯನ್ನು ಸೀಳುತ್ತಾರೆ. ಹಿಂದಿನವರು ಅವರ ಮರೆಯಲ್ಲಿ ಸಾಗುತ್ತಾರೆ. ವೇಗ, ಅಂತರ ಮತ್ತು ಗಾಳಿಯ ದಿಕ್ಕಿಗೆ ಅನುಗುಣವಾಗಿ ಹಿಂದಿನವರಿಗೆ ಸುಮಾರು ಶೇ. 20ರಿಂದ 30ರಷ್ಟು ಶ್ರಮ ಉಳಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮುಂದಿನವರು ಬದಿಗೆ ಸರಿದು ಹಿಂದಕ್ಕೆ ಬಂದು, ಎರಡನೆಯವರು ಮುಂದಾಳತ್ವ ವಹಿಸಿಕೊಂಡರೆ ಹೊರೆ ಎಲ್ಲರಿಗೂ ಹಂಚಿಹೋಗುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ಹೊರೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಕರಾವಳಿಯಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಅಂಶ ಸೇರಿಕೊಳ್ಳುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ಕಡಲಿನತ್ತ ತೆಳುವಾದ ಗಾಳಿ ಬೀಸುತ್ತದೆ. ಬಿಸಿಲೇರಿ ನೆಲ ಕಾದಂತೆ ದಿಕ್ಕು ಬದಲಾಗಿ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಪಶ್ಚಿಮ ಅಥವಾ ವಾಯವ್ಯದಿಂದ ಬೀಸತೊಡಗುತ್ತದೆ. ಇದನ್ನು ತಿಳಿದವರು ತಲ್ಲೂರಿನಿಂದ ಬೆಳಗ್ಗೆ ಉತ್ತರಕ್ಕೆ ಹೊರಟು ಮಧ್ಯಾಹ್ನ ದಕ್ಷಿಣಕ್ಕೆ ಮರಳುತ್ತಾರೆ. ಬೈಂದೂರು, ಭಟ್ಕಳ, ಹೊನ್ನಾವರಗಳ ಮೂಲಕ ಕುಮಟಾಕ್ಕೆ ಹೋಗಿ ಬಂದರೆ ಹೆಚ್ಚು ಕಡಿಮೆ 200 ಕಿ.ಮೀ. ಆಗುತ್ತದೆ. ಹೀಗೆ ಯೋಜಿಸಿದರೆ ದಣಿದ ಕಾಲುಗಳಿಗೆ ಗಾಳಿ ಬೆನ್ನಿಂದ ನೂಕುವ ಆಸರೆ ಸಿಗುತ್ತದೆ. ಮಂಗಳೂರಿನಿಂದ ಹೊರಟು ಸಂಜೆಗೆ ಭಟ್ಕಳ ಮುಟ್ಟುವ ಯೋಜನೆ ಹಾಕಿಕೊಂಡವರಿಗೆ ಅದೇ ಗಾಳಿ ಮಧ್ಯಾಹ್ನದ ಬಳಿಕ ಓರೆಯಾಗಿ ಎದುರಾಗುತ್ತದೆ. ಮರವಂತೆಯಲ್ಲಿ ಕಡಲಿಗೂ ರಸ್ತೆಗೂ ನಡುವೆ ಹೆಚ್ಚಿನ ಮರೆ ಇಲ್ಲದ್ದರಿಂದ ಅಡ್ಡಗಾಳಿಯ ಹೊಡೆತ ನೇರವಾಗಿ ತಾಗುತ್ತದೆ.

ಹತ್ತಿರ ಸಾಗುವುದರಲ್ಲಿ ಲಾಭವಿರುವಷ್ಟೇ ಅಪಾಯವೂ ಇದೆ. ಮುಂದಿನ ಸೈಕಲ್‌ನ ಹಿಂದಿನ ಚಕ್ರಕ್ಕೆ ಹಿಂದಿನ ಸೈಕಲ್‌ನ ಮುಂದಿನ ಚಕ್ರ ಬದಿಯಿಂದ ತಾಗಿದರೆ ಬೀಳುವುದು ಸಾಮಾನ್ಯವಾಗಿ ಹಿಂದಿನವರೇ. ಅವರ ಹಿಂದೆ ಬರುವವರೂ ಅವರ ಮೇಲೆಯೇ ಬೀಳುತ್ತಾರೆ. ಅಭ್ಯಾಸವಿಲ್ಲದವರು ಕನಿಷ್ಠ ಒಂದು ಸೈಕಲ್ಲಿನಷ್ಟು ಅಂತರ ಬಿಡುವುದೇ ಕ್ಷೇಮ. ಮುಂದಿನವರು ಹಠಾತ್ತಾಗಿ ಬ್ರೇಕ್ ಹಾಕಬಾರದು; ಗುಂಡಿ, ಜಲ್ಲಿ, ಸೇತುವೆಯ ಕೂಡುಪಟ್ಟಿ ಕಂಡೊಡನೆ ಕೈ ತೋರಿಸಿ ಕೂಗಿ ಹೇಳಬೇಕು. ಆ ಕೂಗನ್ನು ಪ್ರತಿಯೊಬ್ಬರೂ ಹಿಂದಿನವರಿಗೆ ದಾಟಿಸಬೇಕು. ಐದನೆಯವರಲ್ಲಿ ಆ ಕೂಗು ನಿಂತರೆ ಆರನೆಯವರ ಚಕ್ರ ಗುಂಡಿಗೆ ಇಳಿಯುತ್ತದೆ.

ಘಾಟಿ ಒಡೆಯುವ ಗುಂಪು

ಬಯಲಿನಲ್ಲಿ ಗಾಳಿ ಒಗ್ಗೂಡಿಸಿದ ಗುಂಪನ್ನು ಘಾಟಿ ಅರ್ಧ ಗಂಟೆಯಲ್ಲಿ ಚದುರಿಸುತ್ತದೆ. ಏರಿನಲ್ಲಿ ವೇಗ ಗಂಟೆಗೆ ಎಂಟು, ಹತ್ತು ಕಿಲೋಮೀಟರಿಗೆ ಇಳಿದಾಗ ಗಾಳಿಯ ತಡೆ ನಗಣ್ಯವಾಗುತ್ತದೆ; ಉಳಿಯುವುದು ಭೂಮಿಯ ಸೆಳೆತ ಮಾತ್ರ. ಆಗ ಯಾರ ಬೆನ್ನ ಹಿಂದೆ ಅಡಗಿದರೂ ಪ್ರಯೋಜನವಿಲ್ಲ. ತನ್ನ ತೂಕವನ್ನು ತಾನೇ ಮೇಲಕ್ಕೆತ್ತಬೇಕು.

ಒಂದು ಸರಳ ಲೆಕ್ಕ ನೋಡೋಣ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕವಿದೆ ಎನ್ನೋಣ. ಇದನ್ನು 500 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 390 ಕಿಲೋಜೌಲ್ ಶಕ್ತಿ ಬೇಕು. ಸತತವಾಗಿ 150 ವ್ಯಾಟ್ ಶಕ್ತಿ ಹೊಮ್ಮಿಸಬಲ್ಲ ಸವಾರನಿಗೆ ಇದಕ್ಕೆ ಸುಮಾರು 44 ನಿಮಿಷ ಸಾಕು. ಅದೇ ತೂಕದ, ಆದರೆ 100 ವ್ಯಾಟ್ ಮಾತ್ರ ಹೊಮ್ಮಿಸಬಲ್ಲ ಸವಾರನಿಗೆ 65 ನಿಮಿಷ ಬೇಕು. ರಸ್ತೆಯ ಘರ್ಷಣೆ ಸೇರಿಸಿದರೆ ಇಬ್ಬರಿಗೂ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಬಯಲಿನಲ್ಲಿ ಒಬ್ಬರ ಮರೆಯಲ್ಲಿ ಒಬ್ಬರು ಜತೆಯಾಗಿಯೇ ಬಂದ ಇವರಿಬ್ಬರ ನಡುವೆ ಒಂದೇ ಏರಿನಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದಿತು. ಇಬ್ಬರಲ್ಲಿ ಯಾರೂ ಸೋಮಾರಿಯಲ್ಲ, ಯಾರ ತಪ್ಪೂ ಇಲ್ಲ.

ಕುಂದಾಪುರ ಸೀಮೆಯ ಸವಾರರಿಗೆ ಇಂಥ ಏರುಗಳ ಕೊರತೆಯಿಲ್ಲ. ಕೊಲ್ಲೂರಿನಾಚೆ ನಿಟ್ಟೂರಿನ ಕಡೆಗೆ ಹತ್ತುವ ಘಾಟಿ ಇದೆ. ಸಿದ್ಧಾಪುರ, ಹೊಸಂಗಡಿಗಳ ಮೂಲಕ ಮಲೆನಾಡು ಸೇರುವ ಬಾಳೆಬರೆ ಘಾಟಿ ಇದೆ; ಹುಲಿಕಲ್ ಘಾಟಿ ಎಂದೂ ಅದನ್ನು ಕರೆಯುತ್ತಾರೆ. ಸ್ವಲ್ಪ ದಕ್ಷಿಣಕ್ಕೆ ಸೋಮೇಶ್ವರದಿಂದ ಮೇಲೇರುವ, 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ ಇದೆ. ಇಂಥ ಏರಿನಲ್ಲಿ ಎಲ್ಲರೂ ಜತೆಯಾಗಿಯೇ ಹತ್ತಬೇಕೆಂಬ ಹಟ ಸಲ್ಲದು. ವೇಗದವರನ್ನು ನಿಧಾನಿಸಿದರೆ ಅವರ ಕಾಲು ಸೆಟೆದುಕೊಳ್ಳುತ್ತದೆ. ನಿಧಾನದವರನ್ನು ಅವಸರಿಸಿದರೆ ಅವರು ಅರ್ಧ ದಾರಿಯಲ್ಲೇ ಕುಸಿಯುತ್ತಾರೆ. ಪ್ರತಿಯೊಬ್ಬರೂ ತಮ್ಮ ಉಸಿರಿಗೆ ತಕ್ಕ ವೇಗದಲ್ಲಿ ಹತ್ತಿ, ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಮತ್ತೆ ಸೇರುವುದೇ ಅನುಭವಿಗಳು ಅನುಸರಿಸುವ ಮಾರ್ಗ.

ಈ ಮಾತಿಗೆ ರಾಜ್ಯದಲ್ಲಿಯೇ ಒಳ್ಳೆಯ ಉದಾಹರಣೆಯಿದೆ. 2008ರ ಡಿಸೆಂಬರ್‌ನಲ್ಲಿ ರೈಡ್ ಎ ಸೈಕಲ್ ಪ್ರತಿಷ್ಠಾನದ ಆಶ್ರಯದಲ್ಲಿ ಬೆಂಗಳೂರಿನಿಂದ ಮೊದಲ ಬಾರಿಗೆ ಹೊರಟ ಟೂರ್ ಆಫ್ ನೀಲಗಿರೀಸ್ ಯಾತ್ರೆ ಕರ್ನಾಟಕ, ತಮಿಳುನಾಡು, ಕೇರಳಗಳ ಗುಡ್ಡಗಾಡಿನಲ್ಲಿ ಹಲವು ದಿನ ಸಾಗುವ ಸವಾರಿ. ಮಸಿನಗುಡಿಯಿಂದ ಊಟಿಗೆ ಹತ್ತುವ, 36 ಹೇರ್‌ಪಿನ್ ತಿರುವುಗಳ ಕಲ್ಹಟ್ಟಿ ಏರು ಈ ಯಾತ್ರೆಯ ಸವಾರರ ಬಾಯಲ್ಲಿ ಮತ್ತೆ ಮತ್ತೆ ಬರುವ ಹೆಸರು. ಇಂಥ ವ್ಯವಸ್ಥಿತ ಯಾತ್ರೆಯಲ್ಲಿ ಎಲ್ಲರೂ ಒಂದೇ ವೇಗದಲ್ಲಿ ಸಾಗಬೇಕೆಂಬ ನಿರೀಕ್ಷೆಯೇ ಇರುವುದಿಲ್ಲ. ದಾರಿಯುದ್ದಕ್ಕೂ ನೀರು, ತಿಂಡಿಯ ಠಾಣೆಗಳು, ಮೆಕ್ಯಾನಿಕ್, ವೈದ್ಯಕೀಯ ನೆರವು ಮತ್ತು ಆಗದವರನ್ನು ಹತ್ತಿಸಿಕೊಳ್ಳುವ ವಾಹನ ಇರುತ್ತವೆ. ಅಂದರೆ ಕೊನೆಯವರ ಹೊಣೆಯನ್ನು ವ್ಯವಸ್ಥಾಪಕರು ಹೊತ್ತಿರುತ್ತಾರೆ. ಆದರೆ ಸ್ನೇಹಿತರೇ ಕೂಡಿ ಹೊರಟ ಸವಾರಿಯಲ್ಲಿ ಆ ಹೊಣೆ ಯಾರದು? ಬಹುತೇಕ ಗುಂಪುಗಳು ಈ ಪ್ರಶ್ನೆಯನ್ನು ಹೊರಡುವ ಮುನ್ನ ಕೇಳಿಕೊಳ್ಳುವುದೇ ಇಲ್ಲ.

ನಿಲುಗಡೆಯಲ್ಲಿ ನಡೆಯುವ ಅನ್ಯಾಯ

ಯಾವುದೇ ಗುಂಪು ಸವಾರಿಯಲ್ಲಿ ಕಾಣಬಹುದಾದ ದೃಶ್ಯವೊಂದಿದೆ. ಭಟ್ಕಳದ ಹೋಟೆಲಿಗೆ ವೇಗದ ಸವಾರರು ಒಂಬತ್ತು ಗಂಟೆಗೆ ತಲುಪುತ್ತಾರೆ. ಮುಖ ತೊಳೆದು, ಇಡ್ಲಿ ತಿಂದು, ಚಹಾ ಕುಡಿದು, ಕಾಲು ಚಾಚಿ ಹರಟುತ್ತಾರೆ. ಕೊನೆಯವರು ಬಂದು ಸೇರುವುದು ಒಂಬತ್ತೂ ಇಪ್ಪತ್ತೈದಕ್ಕೆ. ‘ಬಂದಿರಾ, ಹಾಗಾದರೆ ಹೊರಡೋಣ’ ಎಂದು ಎಲ್ಲರೂ ಏಳುತ್ತಾರೆ. ಅಲ್ಲಿಗೆ ಬಲವಿದ್ದವರಿಗೆ ಅರ್ಧ ಗಂಟೆ ವಿಶ್ರಾಂತಿ ಸಿಕ್ಕಿತು. ಬಲವಿಲ್ಲದವರಿಗೆ ಐದು ನಿಮಿಷ. ಯಾರಿಗೆ ವಿಶ್ರಾಂತಿ ಹೆಚ್ಚು ಬೇಕಿತ್ತೋ ಅವರಿಗೇ ಅದು ಕಡಿಮೆ ದಕ್ಕಿತು. ಮುಂದಿನ ನಿಲುಗಡೆಯಲ್ಲಿ ಅಂತರ ಇನ್ನೂ ಹಿಗ್ಗುತ್ತದೆ. ಸಂಕೋಚದಿಂದ ಅವರು ಸರಿಯಾಗಿ ತಿನ್ನುವುದಿಲ್ಲ, ನೀರಿನ ಬಾಟಲಿ ತುಂಬಿಕೊಳ್ಳುವುದಿಲ್ಲ, ಮೂತ್ರ ವಿಸರ್ಜನೆಗೂ ಹೋಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಕುಸಿದಾಗ ‘ಅಭ್ಯಾಸ ಸಾಲದು’ ಎಂಬ ತೀರ್ಪು ಬರುತ್ತದೆ.

ಪರಿಹಾರ ಸರಳವಾದುದು. ನಿಲುಗಡೆಯ ಅವಧಿಯನ್ನು ಮೊದಲನೆಯವರು ಬಂದ ಹೊತ್ತಿನಿಂದ ಲೆಕ್ಕ ಹಾಕದೆ ಕೊನೆಯವರು ಬಂದ ಹೊತ್ತಿನಿಂದ ಲೆಕ್ಕ ಹಾಕಬೇಕು. ಹದಿನೈದು ನಿಮಿಷ ಎಂದು ನಿಗದಿಯಾಗಿದ್ದರೆ ಆ ಹದಿನೈದು ನಿಮಿಷ ಕೊನೆಯವರಿಗೂ ಪೂರ್ತಿ ಸಿಗಬೇಕು. ಅಷ್ಟು ಹೊತ್ತು ಇಲ್ಲವೆಂದಾದರೆ ನಿಧಾನದವರನ್ನು ಏರಿನ ಮುನ್ನ ಹತ್ತು ನಿಮಿಷ ಮೊದಲೇ ಕಳುಹಿಸಬಹುದು. ವೇಗದವರು ಹಿಂದಿನಿಂದ ಬಂದು ಸೇರುತ್ತಾರೆ.

ಇನ್ನೊಂದು ಕಡೆ, ನಿಲುಗಡೆಗಳೇ ಸವಾರಿಯನ್ನು ನುಂಗುವುದೂ ಉಂಟು. ಹತ್ತು ಜನರಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ಜಾಗದಲ್ಲಿ ಐದೈದು ನಿಮಿಷ ನಿಂತರೆ ಗುಂಪಿಗೆ ಐವತ್ತು ನಿಮಿಷ ನಷ್ಟ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಲೆಕ್ಕದಲ್ಲಿ ಅದು ಹದಿನಾರು ಕಿಲೋಮೀಟರಿಗೂ ಹೆಚ್ಚು ದೂರ. ಆದ್ದರಿಂದ ಒಬ್ಬರು ನಿಂತಾಗ ಎಲ್ಲರೂ ತಮ್ಮ ತಮ್ಮ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ಪಂಕ್ಚರ್ ಆದಾಗ ಇಬ್ಬರು ನಿಂತು ಸರಿಪಡಿಸಿ, ಉಳಿದವರು ಮುಂದಿನ ನೆರಳಿನಲ್ಲಿ ಕಾಯುವುದು ಲೇಸು. ಹೆದ್ದಾರಿಯ ಅಂಚಿನಲ್ಲಿ ಹತ್ತು ಜನ ಗುಂಪುಗೂಡಿ ಟ್ಯೂಬ್ ಬದಲಿಸುವುದನ್ನು ನೋಡುತ್ತ ನಿಲ್ಲುವುದು ಅಪಾಯಕ್ಕೆ ಆಹ್ವಾನ.

ಗಡಿಯಾರದ ಎದುರು

ದೂರದ ಸವಾರಿಗಳಲ್ಲಿ ಬ್ರೆವೆ ಎಂಬ ಒಂದು ಪ್ರಕಾರ ಈಗ ಕರ್ನಾಟಕದಲ್ಲಿಯೂ ನೆಲೆಯೂರಿದೆ. ಇದರ ಮೂಲ ಫ್ರಾನ್ಸ್. 1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಮರಳುವ ಸುಮಾರು 1,200 ಕಿ.ಮೀ. ಪಂದ್ಯ ಮೊದಲ ಬಾರಿಗೆ ನಡೆಯಿತು. ಶಾರ್ಲ್ ತೆರೋಂ ಎಂಬಾತ 71 ಗಂಟೆಗಳಿಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಅದನ್ನು ಗೆದ್ದ. ಇಂದು ಅದು ಪಂದ್ಯವಲ್ಲ. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ, ಗರಿಷ್ಠ 90 ಗಂಟೆಗಳಲ್ಲಿ ಮುಗಿಸಬೇಕಾದ ಸವಾರಿ. 2023ರ ಆಗಸ್ಟ್‌ನಲ್ಲಿ ನಡೆದ ಸವಾರಿಯಲ್ಲಿ ಭಾರತೀಯರೂ ಪಾಲ್ಗೊಂಡಿದ್ದರು. ಅದಕ್ಕೆ ಅರ್ಹತೆ ಪಡೆಯಲು 200, 300, 400 ಮತ್ತು 600 ಕಿಲೋಮೀಟರುಗಳ ಬ್ರೆವೆಗಳನ್ನು ಮುಗಿಸಬೇಕು. ಇವುಗಳಿಗೆ ನಿಗದಿಯಾದ ಅವಧಿ ಕ್ರಮವಾಗಿ ಹದಿಮೂರೂವರೆ, 20, 27 ಮತ್ತು 40 ಗಂಟೆ. ಭಾರತದಲ್ಲಿ ಆಡಾಕ್ಸ್ ಇಂಡಿಯಾ ಸಂಸ್ಥೆಯ ಅಡಿಯಲ್ಲಿ ವಿವಿಧ ನಗರಗಳ ಕ್ಲಬ್ಬುಗಳು ಇವನ್ನು ನಡೆಸುತ್ತವೆ.

ಇಲ್ಲಿ ಮೊದಲನೆಯವರು, ಎರಡನೆಯವರು ಎಂಬ ಲೆಕ್ಕವಿಲ್ಲ. ಅವಧಿಯೊಳಗೆ ಮುಗಿಸಿದವರೆಲ್ಲ ಸಮಾನರು. ಆದರೆ ಹಿಂದೆ ಬರುವ ಸಹಾಯ ವಾಹನಕ್ಕೆ ಅವಕಾಶವಿಲ್ಲ. ಹೊರಗಿನವರ ನೆರವೇನಿದ್ದರೂ ತಪಾಸಣಾ ಠಾಣೆಗಳಲ್ಲಿ ಮಾತ್ರ. ಪಂಕ್ಚರ್, ಹಸಿವು, ಕತ್ತಲೆ ಎಲ್ಲವನ್ನೂ ಸವಾರ ತಾನೇ ನಿಭಾಯಿಸಬೇಕು. ಜತೆಗಾರ ಸವಾರರು ಪರಸ್ಪರ ನೆರವಾಗಬಹುದು.

200 ಕಿ.ಮೀ. ಬ್ರೆವೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಚಕ್ರ ಉರುಳುವಾಗ ಸರಾಸರಿ 22 ಕಿ.ಮೀ. ವೇಗ ಕಾಯ್ದುಕೊಳ್ಳುವವರಿಗೆ ದಾರಿ ಸವೆಸಲು ಒಂಬತ್ತು ಗಂಟೆ ಐದು ನಿಮಿಷ ಸಾಕು; ಉಳಿದ ನಾಲ್ಕೂಕಾಲು ಗಂಟೆಗೂ ಹೆಚ್ಚು ಹೊತ್ತು ಊಟ, ವಿಶ್ರಾಂತಿಗೆ ಲಭ್ಯ. 18 ಕಿ.ಮೀ. ವೇಗದವರಿಗೆ ಹನ್ನೊಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಉಳಿಯುವುದು ಎರಡು ಗಂಟೆ ಇಪ್ಪತ್ತು ನಿಮಿಷದಷ್ಟು. 16 ಕಿ.ಮೀ. ವೇಗದವರ ಪಾಲಿಗೆ ಉಳಿಯುವುದು ಒಂದೇ ಗಂಟೆ. ಎರಡು ಪಂಕ್ಚರ್ ಮತ್ತು ಒಂದು ಊಟಕ್ಕೆ ಅದು ಸರಿಹೋಗುತ್ತದೆ.

ಈಗ ನಿಜವಾದ ಧರ್ಮಸಂಕಟ ಎದುರಾಗುತ್ತದೆ. ಜತೆಯಲ್ಲಿ ಹೊರಟ ಸ್ನೇಹಿತ ಹಿಂದೆ ಬಿದ್ದಿದ್ದಾನೆ; ಕಾದರೆ ತನ್ನ ಅವಧಿಯೂ ಮೀರುತ್ತದೆ; ಆರು ತಿಂಗಳ ಅಭ್ಯಾಸ ವ್ಯರ್ಥವಾಗುತ್ತದೆ. ಬಿಟ್ಟು ಹೋಗುವುದು ಸರಿಯೇ? ಸ್ನೇಹಿತ ಆರೋಗ್ಯವಾಗಿದ್ದು, ಕೇವಲ ನಿಧಾನವಾಗಿದ್ದರೆ, ಮೊದಲೇ ಮಾತಾಗಿದ್ದರೆ ಮುಂದೆ ಹೋಗುವುದರಲ್ಲಿ ತಪ್ಪಿಲ್ಲ. ಆದರೆ ಆತ ಅಸ್ವಸ್ಥನಾಗಿದ್ದರೆ, ಕತ್ತಲಾಗಿದ್ದರೆ, ದೀಪ ಕೆಟ್ಟಿದ್ದರೆ, ಫೋನ್ ಸಂಪರ್ಕವಿಲ್ಲದ ಕಾಡುದಾರಿಯಾಗಿದ್ದರೆ ಗಡಿಯಾರವನ್ನು ಮರೆಯಬೇಕು. ಬ್ರೆವೆ ಮುಂದಿನ ವರ್ಷವೂ ಬರುತ್ತದೆ.

ಸೆಕೆ, ನೀರು ಮತ್ತು ಅನ್ನ

ಬೆಂಗಳೂರಿನ ತಂಪಿನಲ್ಲಿ ಅಭ್ಯಾಸ ಮಾಡಿದವರು ಕರಾವಳಿಗೆ ಬಂದಾಗ ಸೋಲುವುದು ಬಿಸಿಲಿಗಿಂತ ಹೆಚ್ಚಾಗಿ ಸೆಕೆಗೆ. ಬೆವರು ಆರಿದಾಗ ಮಾತ್ರ ದೇಹ ತಣಿಯುತ್ತದೆ. ಗಾಳಿಯಲ್ಲಿ ತೇವಾಂಶ ಹೆಚ್ಚಿರುವ ಕುಂದಾಪುರದಂಥ ಕಡೆ ಬೆವರು ಆರದೆ ಹನಿಯಾಗಿ ಇಳಿದುಹೋಗುತ್ತದೆ. ನೀರೂ ಉಪ್ಪೂ ನಷ್ಟವಾಗುತ್ತವೆ, ಆದರೆ ದೇಹ ತಣಿಯುವುದಿಲ್ಲ. ಸಾಮಾನ್ಯವಾಗಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕಾಗುತ್ತದೆ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿನ ಸೋಡಿಯಂ ಅಂಶ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ಉಂಟಾಗುವ ಅಪಾಯವಿದೆ. ಉಪ್ಪು ಬೆರೆಸಿದ ಮಜ್ಜಿಗೆ, ಔಷಧ ಅಂಗಡಿಯ ಓಆರ್‌ಎಸ್, ಉಪ್ಪು ಸೇರಿಸಿದ ಪುನರ್ಪುಳಿ ಪಾನಕ ಇಲ್ಲಿ ನೆರವಿಗೆ ಬರುತ್ತವೆ. ಗೂಡಂಗಡಿಯ ಎಳನೀರು ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಅದರ ಜತೆ ಉಪ್ಪಿನ ತಿಂಡಿಯೊಂದು ಇರಲಿ.

ಆಹಾರದ ವಿಷಯದಲ್ಲಿಯೂ ಲೆಕ್ಕವಿದೆ. ದೇಹದ ಸ್ನಾಯುಗಳಲ್ಲಿ ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಪಿಷ್ಟ ಸುಮಾರು ನಾನೂರರಿಂದ ಐನೂರು ಗ್ರಾಂ. ಹುರುಪಿನಿಂದ ತುಳಿದರೆ ಎರಡು ಮೂರು ಗಂಟೆಯಲ್ಲಿ ಅದು ಬರಿದಾಗುತ್ತದೆ. ಆಮೇಲೆ ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಗುಂಪಿನಲ್ಲಿ ನಡೆಯುವ ಜಗಳಗಳಲ್ಲಿ ಎಷ್ಟೋ ಹಸಿವಿನ ಜಗಳಗಳೇ. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಅಂದರೆ ಎರಡು ಬಾಳೆಹಣ್ಣು ಅಥವಾ ನಾಲ್ಕೈದು ಸಣ್ಣ ಇಡ್ಲಿಯಷ್ಟು, ಹಸಿವಾಗುವ ಮುನ್ನವೇ ಒಳಗೆ ಹೋಗಬೇಕು. ಕರಾವಳಿಯ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಎಣ್ಣೆಯಲ್ಲಿ ಕರಿದ ಗೋಳಿಬಜೆ ನಾಲಿಗೆಗೆ ರುಚಿ. ಆದರೆ ಮುಂದಿನ ಏರಿನಲ್ಲಿ ಹೊಟ್ಟೆಗೆ ಭಾರ.

ಬಿಸಿಲಿನಲ್ಲಿ ಜತೆಗಾರರು ತಡವರಿಸಿ ಮಾತನಾಡತೊಡಗಿದರೆ, ಸೈಕಲ್ ಓಲಾಡಿದರೆ, ಮೈ ಕೆಂಡದಂತೆ ಬಿಸಿಯಾಗಿದ್ದರೆ ಅದು ಶಾಖಾಘಾತದ ಸೂಚನೆ ಇರಬಹುದು. ಸ್ವತಃ ಅವರಿಗೆ ಅದು ತಿಳಿಯುವುದಿಲ್ಲ. ‘ನನಗೇನೂ ಆಗಿಲ್ಲ’ ಎಂದೇ ಹೇಳುತ್ತಾರೆ. ಆ ಮಾತನ್ನು ನಂಬಬಾರದು. ತಕ್ಷಣ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಬೇಕು. ಗುಂಪಿನಲ್ಲಿ ಸಾಗುವುದರ ದೊಡ್ಡ ಬೆಲೆ ಇರುವುದು ಇಲ್ಲಿಯೇ. ಒಬ್ಬಂಟಿ ಸವಾರನನ್ನು ಆ ಕ್ಷಣದಲ್ಲಿ ಗಮನಿಸುವವರು ಯಾರೂ ಇರುವುದಿಲ್ಲ.

ಹೆದ್ದಾರಿಯಲ್ಲಿ

ಚತುಷ್ಪಥವಾದ ಬಳಿಕ ಹೆದ್ದಾರಿ 66ರಲ್ಲಿ ವಾಹನಗಳ ವೇಗ ಹೆಚ್ಚಿದೆ. ಅಡ್ಡರಸ್ತೆಗಳಿಂದ ಹಠಾತ್ತಾಗಿ ನುಗ್ಗುವ ದ್ವಿಚಕ್ರ ವಾಹನಗಳು, ದೂರದ ತಿರುವಿನವರೆಗೆ ಹೋಗಲು ಬೇಸರಪಟ್ಟು ವಿರುದ್ಧ ದಿಕ್ಕಿನಲ್ಲಿ ಬರುವವರು, ನಿಲ್ದಾಣಕ್ಕಾಗಿ ಎಡಕ್ಕೆ ಎಳೆಯುವ ಬಸ್ಸುಗಳು ಇಲ್ಲಿ ನಿತ್ಯದ ನೋಟ. ಮೀನು ಸಾಗಿಸುವ ಲಾರಿಗಳಿಂದ ಸುರಿಯುವ ನೀರು ರಸ್ತೆಯನ್ನು ಜಾರುವಂತೆ ಮಾಡುತ್ತದೆಂಬುದು ಕರಾವಳಿಯ ದ್ವಿಚಕ್ರ ಸವಾರರ ಹಳೆಯ ದೂರು; ಕಿರಿದಾದ ಟೈರಿನ ಸೈಕಲ್ಲಿಗೆ ಆ ನೀರು ಇನ್ನೂ ಅಪಾಯಕಾರಿ. ಕರಾವಳಿ ರಸ್ತೆ ಸಪಾಟು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬೈಂದೂರಿನಾಚೆ ಒತ್ತಿನೆಣೆಯ ಏರು ಸಿಗುತ್ತದೆ. ಅದನ್ನು ದಾಟಿದ ಮೇಲೂ ಏರಿಳಿತಗಳು ಮುಗಿಯುವುದಿಲ್ಲ.

ಇಂಥ ರಸ್ತೆಯಲ್ಲಿ ಇಪ್ಪತ್ತು ಜನ ಒಂದೇ ಸಾಲಾಗಿ ಹೋದರೆ ಹಿಂದಿನ ವಾಹನಕ್ಕೆ ದಾಟಿಹೋಗಲು ಕಷ್ಟ. ಪಕ್ಕಪಕ್ಕದಲ್ಲಿ ಹರಟುತ್ತ ಹೋದರೆ ಇನ್ನೂ ಕಷ್ಟ. ಐದಾರು ಜನರ ತುಕಡಿಗಳಾಗಿ, ತುಕಡಿಗಳ ನಡುವೆ ನೂರು ಇನ್ನೂರು ಮೀಟರ್ ಬಿಟ್ಟು, ಒಂದೇ ಸಾಲಿನಲ್ಲಿ ಸಾಗುವುದು ಸುರಕ್ಷಿತ. ಪ್ರತಿ ತುಕಡಿಗೂ ದಾರಿ ಬಲ್ಲ ಮುಂದಾಳು ಒಬ್ಬರು, ಕಡೆಯಲ್ಲಿ ಅನುಭವಿ ಸವಾರರೊಬ್ಬರು ಇರಬೇಕು. ಕಡೆಯವರ ಕೆಲಸ ಒಂದೇ: ತಮಗಿಂತ ಹಿಂದೆ ಯಾರೂ ಉಳಿಯದಂತೆ ನೋಡಿಕೊಳ್ಳುವುದು. ಗುಂಪಿನ ಅತ್ಯಂತ ಬಲಶಾಲಿ ಸವಾರರಿಗೆ ಈ ಸ್ಥಾನ ಕೊಡುವುದೇ ಉತ್ತಮ, ಏಕೆಂದರೆ ನೂರೈವತ್ತು ಕಿಲೋಮೀಟರ್ ಆದ ಮೇಲೂ ಇನ್ನೊಬ್ಬರಿಗಾಗಿ ನಿಲ್ಲುವ, ಮತ್ತೆ ವೇಗ ಪಡೆಯುವ ಕಸುವು ಅವರಲ್ಲಿ ಉಳಿದಿರುತ್ತದೆ.

ಎಲ್ಲ ಹೆದ್ದಾರಿಗಳೂ ಸೈಕಲ್ಲಿಗೆ ತೆರೆದಿಲ್ಲ ಎಂಬುದನ್ನೂ ಮರೆಯಬಾರದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳ ಜತೆಗೆ ಸೈಕಲ್ಲಿನಂಥ ಮೋಟಾರುರಹಿತ ವಾಹನಗಳನ್ನೂ ನಿಷೇಧಿಸಲಾಗಿದೆ. ಅವು ಸರ್ವಿಸ್ ರಸ್ತೆಯಲ್ಲಿ ಸಾಗಬೇಕು.

ಇಳಿಜಾರು ಮತ್ತು ಇರುಳು

ಹತ್ತಿದವರು ಇಳಿಯಲೇಬೇಕು. ಏರಿನಲ್ಲಿ ದಣಿದ ಗುಂಪು ಇಳಿಜಾರಿನಲ್ಲಿ ಮೈಮರೆಯುತ್ತದೆ. ಇಳಿಯುವಾಗ ಜತೆಜತೆಯಾಗಿ ಸಾಗಬಾರದು. ಒಬ್ಬೊಬ್ಬರ ನಡುವೆ ಕನಿಷ್ಠ ಐವತ್ತು ಮೀಟರ್ ಇರಬೇಕು. ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ತಿರುವಿನೊಳಗೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಬ್ರೇಕನ್ನು ಒತ್ತಿಯೇ ಹಿಡಿದುಕೊಂಡರೆ ರಿಮ್ ಕಾದು ಟ್ಯೂಬ್ ಸಿಡಿಯುವ ಸಾಧ್ಯತೆಯಿದೆ. ಆದ್ದರಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯಬೇಕು. ಮಳೆಗಾಲದಲ್ಲಿ ಪಾಚಿ, ತರಗೆಲೆ, ಕುಸಿದ ಮಣ್ಣು ಘಾಟಿಯ ತಿರುವುಗಳಲ್ಲಿ ಕಾದಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಯ ದೂರ ಸವಾರಿ ಹೊಸಬರಿಗೆ ಸಲ್ಲದು.

ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ ಮಾತ್ರ. ಹದಿಮೂರೂವರೆ ಗಂಟೆಯ ಸವಾರಿಯಲ್ಲಿ ಕತ್ತಲು ಬಂದೇ ಬರುತ್ತದೆ. ಮುಂದೊಂದು, ಹಿಂದೊಂದು ದೀಪ, ಬೆಳಕು ಬಿದ್ದಾಗ ಹೊಳೆಯುವ ಮೇಲಂಗಿ ಮತ್ತು ಹೆಲ್ಮೆಟ್ ಇಲ್ಲದವರನ್ನು ಗುಂಪಿಗೆ ಸೇರಿಸಿಕೊಳ್ಳುವುದೇ ತಪ್ಪು. ಮುನ್ನೂರು, ನಾನೂರು ಕಿಲೋಮೀಟರಿನ ಸವಾರಿಗಳಲ್ಲಿ ಬೆಳಗಿನ ಜಾವ ಎರಡರಿಂದ ನಾಲ್ಕರ ನಡುವಿನ ನಿದ್ದೆ ಕಠಿಣವಾದ ಪರೀಕ್ಷೆ. ಆ ಹೊತ್ತಿನಲ್ಲಿ ತುಳಿಯುತ್ತಲೇ ಕಣ್ಣು ಮುಚ್ಚುವುದುಂಟು. ಪೆಟ್ರೋಲ್ ಬಂಕ್‌ನಲ್ಲೋ ಬಸ್ ತಂಗುದಾಣದಲ್ಲೋ ಇಪ್ಪತ್ತು ನಿಮಿಷ ಮಲಗಿ ಎದ್ದರೆ ಒಂದು ಜೀವ ಉಳಿಯಬಹುದು. ‘ನನಗೆ ನಿದ್ದೆ ಬರುತ್ತಿದೆ’ ಎಂದು ಸಂಕೋಚವಿಲ್ಲದೆ ಹೇಳುವ ವಾತಾವರಣ ಆ ಗುಂಪಿನಲ್ಲಿರಬೇಕು.

ಹೊರಡುವ ಮುನ್ನ ಆಗಬೇಕಾದ ಮಾತು

ಮೇಲಿನ ಸಮಸ್ಯೆಗಳಲ್ಲಿ ಬಹುಪಾಲು ತಲ್ಲೂರಿನಂಥ ಊರಿನ ಯಾವುದಾದರೂ ಚಹಾದಂಗಡಿಯ ಬೆಂಚಿನ ಮೇಲೆ, ಹೊರಡುವ ಹಿಂದಿನ ಸಂಜೆ, ಹದಿನೈದು ನಿಮಿಷದ ಮಾತುಕತೆಯಲ್ಲಿ ಪರಿಹಾರವಾಗುವಂಥವು. ಬಯಲಿನಲ್ಲಿ ಗುಂಪಿನ ವೇಗ ಎಷ್ಟು? ಘಾಟಿಯ ನಂತರ ಎಲ್ಲಿ ಸೇರುವುದು? ನಿಲುಗಡೆ ಎಷ್ಟು ಹೊತ್ತು, ಯಾರು ಬಂದ ಮೇಲಿನಿಂದ ಲೆಕ್ಕ? ಕಡೆಯ ಸವಾರರು ಯಾರು? ಯಾರಿಗಾದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ ಇದೆಯೇ? ಮನೆಯವರ ಫೋನ್ ಸಂಖ್ಯೆ ಯಾರ ಬಳಿ ಇದೆ? ಒಬ್ಬರಿಗೆ ಆಗದಿದ್ದರೆ ಅವರ ಜತೆ ಉಳಿಯುವವರು ಯಾರು, ಅವರನ್ನು ಬಸ್ಸಿಗೋ ರೈಲಿಗೋ ಹತ್ತಿಸುವುದು ಎಲ್ಲಿ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಗುಂಪು ಹಾದಿಯಲ್ಲಿ ಜಗಳವಾಡುವುದು ಕಡಿಮೆ.

ಕೊನೆಯ ಪ್ರಶ್ನೆ ಮುಖ್ಯವಾದುದು. ಅರ್ಧದಲ್ಲಿ ನಿಲ್ಲಿಸುವುದು ಅವಮಾನವಲ್ಲ ಎಂಬ ಮಾತು ಮೊದಲೇ ಆಗಿದ್ದರೆ ದಣಿದವರು ಕುಸಿಯುವ ತನಕ ತುಳಿಯುವುದಿಲ್ಲ. ಕರಾವಳಿಯಲ್ಲಿ ಹೆದ್ದಾರಿಗೆ ಹೆಚ್ಚು ಕಡಿಮೆ ಸಮಾನಾಂತರವಾಗಿ ಕೊಂಕಣ ರೈಲು ಮಾರ್ಗ ಸಾಗುತ್ತದೆ. ಕುಂದಾಪುರ, ಬೈಂದೂರು, ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ನಿಲ್ದಾಣಗಳಿವೆ. ಘಾಟಿಯ ದಾರಿಯಲ್ಲಿ ಈ ಅನುಕೂಲವಿಲ್ಲ. ದಾರಿಯನ್ನು ಆರಿಸುವಾಗ ಏರಿನ ಚೆಲುವಿನ ಜತೆಗೆ ಮರಳುವ ಬಾಗಿಲು ಎಲ್ಲಿದೆ ಎಂಬುದನ್ನೂ ನೋಡಬೇಕು.

1923ರ ಅಕ್ಟೋಬರ್‌ನಲ್ಲಿ ಮುಂಬಯಿಯ ಆರು ಪಾರ್ಸಿ ಯುವಕರು ಸೈಕಲ್ಲಿನಲ್ಲಿ ಜಗತ್ತನ್ನು ಸುತ್ತಲು ಹೊರಟರು. ಸುಮಾರು 71 ಸಾವಿರ ಕಿಲೋಮೀಟರ್ ತುಳಿದು 1928ರಲ್ಲಿ ಮರಳಿ ಬಂದವರು ಮೂವರು: ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭೂಮ್‌ಗರಾ. ಉಳಿದ ಮೂವರು ಬೇರೆ ಬೇರೆ ಹಂತಗಳಲ್ಲಿ ಯಾತ್ರೆಯನ್ನು ಬಿಟ್ಟಿದ್ದರು. ಹಾಗೆಂದು ಆ ಯಾತ್ರೆ ಸೋತಿತೆಂದು ಯಾರೂ ಹೇಳಲಾರರು. ದೂರದ ದಾರಿಯಲ್ಲಿ ಎಲ್ಲರೂ ಕಡೆಯವರೆಗೆ ಬರಲಾರರು ಎಂಬುದು ಆಗಲೂ ನಿಜವಾಗಿತ್ತು, ಈಗಲೂ ನಿಜ. ನಾವು ಹೊರಡುವುದು ಒಂದೇ ದಿನದ ಸವಾರಿಗಾದರೂ ಪ್ರಶ್ನೆ ಅದೇ: ನಿಲ್ಲಿಸಿದವರು ಕ್ಷೇಮವಾಗಿ ಮನೆ ಸೇರಿದರೇ ಎಂದು ಕೇಳುವವರು ಗುಂಪಿನಲ್ಲಿ ಇದ್ದಾರೆಯೇ?

ಸಂಜೆ ತಲ್ಲೂರಿಗೆ ಮರಳಿದ ಸವಾರರು ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ ಚಹಾ ಹೇಳುವ ಮುನ್ನ ಒಮ್ಮೆ ತಲೆ ಎಣಿಸಲಿ. ಬೆಳಗ್ಗೆ ಹತ್ತು ಜನ ಹೊರಟಿದ್ದರೆ ಸಂಜೆ ಹತ್ತು ಜನರ ಸುದ್ದಿಯೂ ಸಿಕ್ಕಿರಬೇಕು. ಆ ಎಣಿಕೆ ಪೂರ್ಣಗೊಂಡಾಗಲೇ ಸವಾರಿ ಮುಗಿದಂತೆ.